ಹಿಡಿದು ಹೊಲಿಯಲಾಗದ ಸೈಕಲ್ಲು

ನನ್ನ ಹೆಂಡತಿಯ ತಮ್ಮನನ್ನು ಬೀದಿಯವರೆಲ್ಲ ಟೇಪು ಅಂತಲೇ ಕರೆಯುತ್ತಾರೆ. ಕಸುಬಿನಲ್ಲಿ ದರ್ಜಿ. ಕೊರಳಲ್ಲಿ ಸದಾ ಅಳತೆಯ ಟೇಪು ಇರಲೇಬೇಕು. ಸ್ನಾನಕ್ಕೆ ಹೋದಾಗಲೂ ಅದನ್ನು ತೆಗೆಯುವುದಿಲ್ಲ, ಹಾಗಾಗಿ ಮೊದಲ ಆರು ಇಂಚಿನ ಅಂಕಿಗಳು ತೊಳೆದುಹೋಗಿವೆ ಎಂದು ನಾನು ಹೇಳಿದರೆ ಹೆಂಡತಿ ಕಣ್ಣು ಕೆಂಪಗೆ ಮಾಡುತ್ತಾಳೆ. ಇಲ್ಲ ಅಂತ ಮಾತ್ರ ಇವತ್ತಿನವರೆಗೂ ಹೇಳಿಲ್ಲ.

ಟೇಪುವಿಗೆ ಜನರ ಮುಖ ನೆನಪಿರುವುದಿಲ್ಲ, ಸೊಂಟ ನೆನಪಿರುತ್ತದೆ. "ಭಾವ, ಬೆಳಿಗ್ಗೆ ನಲವತ್ತೆರಡು ಬಂದಿದ್ರು" ಅಂದರೆ ಬ್ಯಾಂಕಿನ ಮ್ಯಾನೇಜರು ಬಂದಿದ್ದರು ಎಂದು ನಾವೇ ಅರ್ಥ ಮಾಡಿಕೊಳ್ಳಬೇಕು. ಅಂಗಡಿ ಎಂದರೆ ಒಂದು ಬೀರುವಿನಷ್ಟು ಜಾಗ. ಅದರೊಳಗೆ ಒಂದು ಮಿಷನ್ನು, ಒಂದು ಕನ್ನಡಿ, ಕನ್ನಡಿಯ ಮುಂದೆ ಒಂದೇ ಕಾಲಿನಲ್ಲಿ ನಿಂತು ಪ್ಯಾಂಟು ಹಾಕಿ ನೋಡುವ ಗಿರಾಕಿ. ಎರಡು ಕಾಲೂರಲು ಜಾಗವಿಲ್ಲ. ಅವನಿಗೆ ಗುರು ಕಲಿಸಿದ ಪಾಠವೂ ಒಂದೇ: "ದೊಡ್ಡದನ್ನ ಹಿಡಿದು ಹೊಲೀಬಹುದು, ಚಿಕ್ಕದನ್ನ ಎಳೆದು ಉದ್ದ ಮಾಡೋಕಾಗಲ್ಲ." ಈ ಪಾಠವನ್ನು ಅವನು ಅಂಗಿಗೂ ಹಚ್ಚುತ್ತಾನೆ, ಚಪ್ಪಲಿಗೂ ಹಚ್ಚುತ್ತಾನೆ. ಅಡುಗೆಮನೆಯ ಪಾತ್ರೆಗೂ ಅದೇ. ಅವನ ಮನೆಯಲ್ಲಿ ಒಬ್ಬನ ಟೀ ಕುದಿಯುವುದು ಹತ್ತು ಜನರ ಪಾತ್ರೆಯಲ್ಲಿ.

ನಲವತ್ತು ದಾಟಿದರೂ ಅವನಿಗೆ ಮದುವೆಯಾಗಿರಲಿಲ್ಲ. ಕೇಳಿದರೆ "ಯಾವುದೂ ಫಿಟ್ಟಿಂಗ್ ಬರ್ಲಿಲ್ಲ ಭಾವ" ಅನ್ನುತ್ತಿದ್ದ. ಹಾಗಿದ್ದವನು ಹೋದ ವರ್ಷ ಇದ್ದಕ್ಕಿದ್ದಂತೆ ದಿನಕ್ಕೊಂದು ಗುಂಡಿ ಕೊಳ್ಳಲು ಶುರು ಮಾಡಿದ. ಡಜನ್ ಅಲ್ಲ, ಒಂದೇ ಒಂದು. ಹಿಂದಿನ ಬೀದಿಯಲ್ಲಿ ಹೊಸದಾಗಿ ಗುಂಡಿ ಅಂಗಡಿ ತೆರೆದಿತ್ತು. ನೆಲದಿಂದ ಸೂರಿನವರೆಗೆ ಬರೀ ಪುಟ್ಟ ಪುಟ್ಟ ಡ್ರಾಯರುಗಳು. ಒಳಗೇನಿದೆ ಎಂದು ತಿಳಿಯಲು ಪ್ರತಿಯೊಂದರ ಮುಖಕ್ಕೂ ಒಂದು ಗುಂಡಿ ಅಂಟಿಸಿತ್ತು. ಅಂಗಡಿಯಾಕೆ ಎಷ್ಟು ಉದ್ದ ಎಂದರೆ ಸೂರಿನ ಡ್ರಾಯರಿಗೆ ಏಣಿ ಬೇಕಿರಲಿಲ್ಲ. ಕೈ ಎತ್ತಿದರೆ ಸಾಕು. ಅವರನ್ನು ಎಲ್ಲರೂ ಗುಂಡಿ ಅಕ್ಕ ಅನ್ನುತ್ತಿದ್ದರು. ನಮ್ಮವನು ಮಾತ್ರ ಅಕ್ಕ ಎನ್ನಲು ಒಪ್ಪದೆ, "ರೀ" ಎನ್ನಲೂ ಧೈರ್ಯ ಸಾಲದೆ ಬರೀ ಕೆಮ್ಮುತ್ತಿದ್ದ.

ಆಕೆಗೆ ಒಂದೇ ಒಂದು ವಿಷಯ ಆಗದು. ಅದು ಸುಳ್ಳು. ಚಿಪ್ಪಿನ ಗುಂಡಿ ಎಂದು ಪ್ಲಾಸ್ಟಿಕ್ ತಂದು ಕೊಟ್ಟ ವ್ಯಾಪಾರಿಯ ಚೀಲವನ್ನು ಆಕೆ ಬೀದಿಗೆ ಸುರಿದದ್ದು ಊರಿಗೆಲ್ಲ ಗೊತ್ತು. ಒಂದು ವಾರ ಆ ಬೀದಿಯಲ್ಲಿ ನಡೆದವರೆಲ್ಲ ಜಾರುತ್ತಲೇ ನಡೆದರು.

ಇಂಥವರ ಮುಂದೆ ನಮ್ಮ ಟೇಪು ಸುಳ್ಳು ಹೇಳಿ ಬಂದ.

"ಭಾನುವಾರ ನಾವೊಂದಷ್ಟು ಜನ ಸೈಕಲ್ಲಲ್ಲಿ ಹೋಗ್ತೀವಿ," ಎಂದಿದ್ದರಂತೆ ಆಕೆ. "ಮೊದಲು ಟಾರು, ಆಮೇಲೆ ಹಳೇ ಪೇಟೆ ಕಲ್ಲುಹಾಸು, ಆಮೇಲೆ ಕಾಲುವೆ ಪಕ್ಕ ಜಲ್ಲಿ ದಾರಿ. ನಿಮಗೆ ಸೈಕಲ್ ಅಭ್ಯಾಸ ಇದ್ಯಾ?"

"ಓ, ದಿನಾ!" ಎಂದುಬಿಟ್ಟ. "ರೋಡ್ ಬೈಕ್ ಅನ್ನೋ ಸೈಕಲ್ಲೇ ಇದೆ ನಂದು."

"ಹಾಗಾದ್ರೆ ಈ ಭಾನುವಾರ ಬನ್ನಿ."

ಅವನು ದಿನಾ ಪೆಡಲ್ ತುಳಿಯುತ್ತಿದ್ದದ್ದು ನಿಜ. ಆದರೆ ಅದು ಹೊಲಿಗೆ ಮಿಷನ್ನಿನ ಪೆಡಲ್ಲು. ಭೂಮಿಯನ್ನು ಸುತ್ತಿ ಬರುವಷ್ಟು ತುಳಿದಿದ್ದರೂ ಸ್ಟೂಲು ಬಿಟ್ಟು ಒಂದಂಗುಲ ಮುಂದೆ ಹೋದವನಲ್ಲ.

ಓಡೋಡಿ ನನ್ನ ಹತ್ತಿರ ಬಂದ. "ಭಾವ, ಭಾನುವಾರದೊಳಗೆ ಸೈಕಲ್ ಬೇಕು. ಇಲ್ದಿದ್ರೆ ಆ ಅಂಗಡಿ ಮೆಟ್ಟಿಲು ನನ್ನ ಪಾಲಿಗೆ ಮುಗೀತು."

"ನಿಜ ಹೇಳ್ಬಿಡೋ," ಎಂದಳು ನನ್ನ ಹೆಂಡತಿ ಒಳಗಿನಿಂದ.

"ಅಕ್ಕಾ, ಮೊದಲು ಸೈಕಲ್ ಬರ್ಲಿ. ಬಂದ್ಮೇಲೆ ಅದು ಸುಳ್ಳಾಗಲ್ಲ!"

ನನ್ನನ್ನೇ ಕೇಳಿದ್ದು ಯಾಕೆಂದರೆ ಸೈಕಲ್ಲಿನ ವಿಷಯದಲ್ಲಿ ನಾನು ಹೆಸರುವಾಸಿ. ಹರೆಯದಲ್ಲಿ ನಾನು ಸೈಕಲ್ ತುಳಿದರೆ ಬೆಲ್ಲಿನ ಸದ್ದು ಹಿಂದಿನಿಂದ ಏದುಸಿರು ಬಿಡುತ್ತ ಓಡಿ ಬರುತ್ತಿತ್ತು. ನಾನು ಹೋದ ಮೇಲೆ ಜನ ದಾರಿ ಬಿಡುತ್ತಿದ್ದರು.

ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ಲುಗಳ ಬೆಲೆ ಕೇಳಿ ಟೇಪು ತಾನೇ ಒಂದಿಂಚು ಕುಗ್ಗಿದ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ ಎಂದು ಹಿಂದಿನ ಶೆಡ್ಡಿಗೆ, ಹಳೆಯ ಸೈಕಲ್ಲುಗಳ ಕಡೆಗೆ ಕರೆದುಕೊಂಡು ಹೋದೆ. ಅಲ್ಲಿ ನೋಡಬೇಕಿತ್ತು ಅವನನ್ನು! ಟೈರನ್ನು ಬಟ್ಟೆ ಹಿಡಿದು ನೋಡುವ ಹಾಗೆ ಎರಡು ಬೆರಳಲ್ಲಿ ಹೊಸಕಿದ.

"ಇದು ರೇಷ್ಮೆ," ಎಂದ, ಸಪೂರ ಟೈರು ಮುಟ್ಟಿ. "ಟಾರಿಗೆ ಚೆಂದ, ಜಲ್ಲೀಲಿ ಹರಿಯುತ್ತೆ."

"ಹರಿಯೋದಿರಲಿ," ಎಂದೆ ನಾನು. "ನನ್ನ ಗೆಳೆಯನ ಟೈರು ಇದಕ್ಕಿಂತ ಸಪೂರ. ಕಲ್ಲುಹಾಸಿನ ಸಂದೀಲಿ ಇಳಿದ್ಹೋಯ್ತು. ಮೇಲೆ ಬರೋಕೇ ಆಗ್ಲಿಲ್ಲ. ಪಾಪ, ಇವತ್ತಿಗೂ ಸಂದೀಲೇ ಊರೂರು ಸುತ್ತುತಿದಾನೆ."

ದಪ್ಪ ಗುಬಟಿನ ಟೈರು ಮುಟ್ಟಿ "ಇದು ಗೋಣಿ, ಟಾರಲ್ಲಿ ಎಳೆಯೋರು ಯಾರು?" ಎಂದ. ಕೊನೆಗೆ ಇವೆರಡರ ನಡುವಿನದೊಂದು ಸಿಕ್ಕಿತು. ನುಣುಪಾಗಿ, ಆದರೆ ಅಗಲವಾಗಿ. ಚಕ್ರಕ್ಕೂ ಫ್ರೇಮಿಗೂ ನಡುವೆ ಬೆರಳು ತೂರಿಸಿ, ಕೆಸರು ಮೆತ್ತಿದರೂ ತಿರುಗುವಷ್ಟು ಜಾಗವಿದೆಯೇ ಎಂದು ನೋಡಿದ. ಸೈಕಲ್ಲನ್ನು ತಲೆಕೆಳಗು ಮಾಡಿ, ಅಂಗಿಯ ಒಳಮೈ ನೋಡುವಂತೆ ಬೆಸುಗೆಗಳ ಮೇಲೆ ಉಗುರು ಎಳೆದ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲಿನ ಬ್ರೇಕು ಹಿಸುಕಿದ. ಏರು ಹತ್ತಲು ಹಗುರ ಗೇರು ಇದೆಯೇ ಎಂದು ಕೇಳಿದ. ಬೆಲೆಯೂ ಕೈಗೆಟುಕುವಂತಿತ್ತು. ಎಲ್ಲ ಸರಿ.

ಅಂಗಡಿಯವನು ಅವನ ಕಾಲು ನೋಡಿದ, ಸೈಕಲ್ಲು ನೋಡಿದ. "ಸರ್, ಫ್ರೇಮು ನಿಮಗೆ ದೊಡ್ಡದಾಯ್ತು. ಎರಡು ಸೈಜು ಕಮ್ಮಿ ಬೇಕು. ಮುಂದಿನ ತಿಂಗಳು ಬರಬಹುದು."

"ದೊಡ್ಡದಿದ್ರೆ ಒಳ್ಳೇದೇ ಅಲ್ವೇನ್ರೀ," ಎಂದ ಟೇಪು, ಮಗುವಿಗೆ ಹೇಳುವ ಹಾಗೆ. "ಆಮೇಲೆ ಹಿಡ್ಕೋಬಹುದು."

"ಏನನ್ನ ಹಿಡ್ಕೋತೀರಾ? ಕಬ್ಬಿಣ ಸರ್ ಇದು!"

ಅಷ್ಟರಲ್ಲಿ ನಮ್ಮವನು ದುಡ್ಡು ಕೊಟ್ಟಾಗಿತ್ತು.

ಅವನು ಸೀಟನ್ನು ತಳಮುಟ್ಟ ಇಳಿಸಿದ. ಆದರೆ ನಡುವಿನ ಕಂಬಿಯನ್ನು ಇಳಿಸುವವರು ಯಾರು? ಕಾಲು ನೆಲಕ್ಕೂರಲು ಹೋದರೆ ಕಂಬಿ ತಾಗಬಾರದ ಕಡೆ ತಾಗುತ್ತಿತ್ತು. ಕೋಟಿನೊಳಗಿಡುವ ದಪ್ಪ ಬಟ್ಟೆಯನ್ನು ಪದರ ಪದರವಾಗಿ ಹೊಲಿದು ಬೂಟಿನ ತಳಕ್ಕೆ ಅಂಟಿಸಿದ. ಮೊದಲ ತಿರುವಿನಲ್ಲೇ ಅದು ಕಳಚಿಕೊಂಡು ಹೋಗಿ ಯಾರದೋ ನಾಯಿಯ ಪಾಲಾಯಿತು. ಕೊನೆಗೆ ಒಂದು ಉಪಾಯ ಕಂಡುಕೊಂಡ. ಹತ್ತುವುದು ತನ್ನ ಅಂಗಡಿಯ ಮೆಟ್ಟಿಲಿನಿಂದ, ಇಳಿಯುವುದು ದೀಪದ ಕಂಬ ತಬ್ಬಿಕೊಂಡು. ನಾಲ್ಕು ದಿನ ನಮ್ಮ ಬೀದಿಯ ಕಂಬಕ್ಕೆ ಸಿಕ್ಕಷ್ಟು ಪ್ರೀತಿ ಯಾವ ಮನುಷ್ಯನಿಗೂ ಸಿಕ್ಕಿರಲಾರದು.

"ಕಾಲುವೆ ಹತ್ರ ಕಂಬ ಇಲ್ವಲ್ಲೋ," ಎಂದೆ.

"ಅಲ್ಲಿ ನಿಲ್ಲೋದ್ಯಾಕೆ ಭಾವ?"

ಭಾನುವಾರ ಬೆಳಿಗ್ಗೆ ಮೆಟ್ಟಿಲಿಂದ ಅವನನ್ನು ತಳ್ಳಿ ಕಳಿಸಿ, ನಾನೂ ಹೆಂಡತಿಯೂ ಬಸ್ಸು ಹಿಡಿದು ಕಾಲುವೆ ಸೇತುವೆಯ ಟೀ ಅಂಗಡಿಗೆ ಹೋಗಿ ಕಾದೆವು. ಆ ಸವಾರರೆಲ್ಲ ನಿಂತು ದಣಿವಾರಿಸಿಕೊಳ್ಳುವ ಜಾಗ ಅದು. ಬಟಾ ಬಯಲು. ಒಂದು ಕಡೆ ನೀರು, ನಡುವೆ ಟೀ ಅಂಗಡಿಯ ಡಬ್ಬಿ, ಸುತ್ತ ಜಲ್ಲಿ.

ಮೊದಲು ಗುಂಡಿ ಅಕ್ಕ ಬಂದರು. ಆಕೆಯ ಸೈಕಲ್ಲು ತಂಗಿ ಬಿಟ್ಟುಹೋದದ್ದಂತೆ. ಅಷ್ಟುದ್ದದ ಹೆಂಗಸು ಅಷ್ಟು ಚಿಕ್ಕದರ ಮೇಲೆ ಮಡಚಿಟ್ಟ ಛತ್ರಿಯ ಹಾಗೆ ಕೂತಿದ್ದರು. ಮೊಣಕಾಲು ಗದ್ದಕ್ಕೆ ತಾಗುವುದೊಂದು ಬಾಕಿ. ಹಿಂದೆ ಅವರ ಗುಂಪಿನ ಪೋಸ್ಟ್‌ಮ್ಯಾನ್. ಅವನ ಹಿಂದೆ ನಮ್ಮವನು, ಹುಲಿಯ ಮೇಲೆ ಕೂತವನ ಹಾಗೆ. ಅವರಿಬ್ಬರೂ ಇಳಿದರು. ಟೇಪು ಇಳಿಯಲಿಲ್ಲ. ಟೀ ಅಂಗಡಿಗೆ ಒಂದು ಸುತ್ತು ಹಾಕಿದ.

"ಬನ್ನಿ, ಟೀ ಕುಡೀರಿ!" ಎಂದರು ಆಕೆ.

"ಆಮೇಲೆ!" ಎನ್ನುತ್ತ ಇನ್ನೊಂದು ಸುತ್ತು ಹೋದ.

"ಬಿಸ್ಕತ್ತಾದ್ರೂ ತಗೊಳ್ಳಿ!"

ಮುಂದಿನ ಸುತ್ತಿನಲ್ಲಿ ಕೈ ಚಾಚಿ ಬಿಸ್ಕತ್ತು ಕಸಿದುಕೊಂಡು ಹೋದ.

"ಏನ್ ದಮ್ಮು ರೀ ಇವರದ್ದು!" ಎಂದ ಪೋಸ್ಟ್‌ಮ್ಯಾನ್. "ನಾನು ಇಷ್ಟು ವರ್ಷ ಟಪಾಲು ಹಂಚಿದೀನಿ, ಹೀಗೆ ತುಳಿಯೋರನ್ನ ನೋಡಿಲ್ಲ."

"ದಿನಾ ಅಭ್ಯಾಸ ಅಂತೆ," ಎಂದರು ಆಕೆ, ಮೆಚ್ಚಿಕೊಂಡು.

ಆ ಮೆಚ್ಚುಗೆಯ ಮಾತು ಅವನ ಕಿವಿಗೆ ಬಿತ್ತು. ಮುಖ ಸಪ್ಪಗಾದದ್ದು ನನಗೆ ಕಂಡಿತು. ಬಾಯಿ ಮುಚ್ಚಿಕೊಂಡಿದ್ದರೆ ಅವತ್ತೇ ವೀರನಾಗುತ್ತಿದ್ದ, ಸುಸ್ತಾಗಿ ಕಾಲುವೆಗೆ ಬೀಳುವವರೆಗಾದರೂ. ಹೆಂಡತಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವನು ತಿರುಗಿ ಬರುತ್ತ ಕೂಗಿದ:

"ನಾನು ನಿಮಗೊಂದು ಸುಳ್ಳು ಹೇಳಿದೀನಿ!"

ಹೇಳಿ ಅಂಗಡಿಯ ಹಿಂದೆ ಮರೆಯಾದ. ನಾವೆಲ್ಲ ಟೀ ಹಿಡಿದು ಕಾದೆವು.

"ದಿನಾ ತುಳಿಯೋದು ಮಿಷನ್ನು, ಸೈಕಲ್ಲಲ್ಲ!"

ಮತ್ತೆ ಮರೆಯಾದ.

"ಇದು ಬುಧವಾರ ತಗೊಂಡಿದ್ದು!"

"ಮುಂದೆ?" ಎಂದರು ಆಕೆ. ಕೈ ಸೊಂಟದ ಮೇಲೆ ಹೋಗಿತ್ತು. ಚೀಲ ಬೀದಿಗೆ ಸುರಿದ ದಿನವೂ ಹಾಗೇ ನಿಂತಿದ್ದರಂತೆ.

"ಕಾಲು ಎಟಕಲ್ಲ! ಇಳಿಯೋಕೆ ಬರಲ್ಲ!" ಮತ್ತೊಂದು ಸುತ್ತು. ಈ ಸಲ ದನಿ ಅಳುವ ಹಾಗಿತ್ತು. "ಸಿಟ್ಟು ಆಮೇಲೆ ಮಾಡ್ಕೊಳ್ಳಿ, ಮೊದಲು ಇಳಿಸಿ!"

ಆಕೆ ಎರಡು ಹೆಜ್ಜೆ ಮುಂದೆ ಬಂದು, ಅವನು ಹತ್ತಿರ ಬಂದದ್ದೇ ಉದ್ದನೆಯ ಕೈ ಚಾಚಿ ಸೀಟು ಹಿಡಿದುಬಿಟ್ಟರು. ಸೈಕಲ್ಲು ನಿಂತಿತು. ಟೇಪು ಮಾತ್ರ ನಿಲ್ಲದೆ ಜಲ್ಲಿಯ ಮೇಲೆ ಪಲ್ಟಿ ಹೊಡೆದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇವನದ್ದೂ ಆಗಲಿಲ್ಲ. ಯಾಕೆಂದರೆ ಮೀಸೆಯೇ ಇರಲಿಲ್ಲ.

ಆಕೆ ಅವನ ಕಡೆ ನೋಡಲೇ ಇಲ್ಲ. ಸೈಕಲ್ಲನ್ನು ನೋಡುತ್ತಿದ್ದರು. ಸೀಟನ್ನು ಮೇಲಕ್ಕೆಳೆದು ಬಿಗಿದು, ಕಾಲು ಹಾಕಿ ನಿಂತರು. ಎರಡು ಪಾದವೂ ನೆಲದ ಮೇಲೆ. ಹ್ಯಾಂಡಲ್ ಹಿಡಿದರೆ ಬೆನ್ನು ನೇರ. ಅಂಗಡಿಗೆ ಒಂದು ಸುತ್ತು ಹಾಕಿ ಬಂದರು. ಛತ್ರಿ ಬಿಚ್ಚಿಕೊಂಡ ಹಾಗಿತ್ತು.

"ಇದನ್ನ ಯಾರ ಅಳತೆಗೆ ತಗೊಂಡ್ರಿ?" ಎಂದರು.

ಟೇಪು ಜಲ್ಲಿ ಕೊಡವಿಕೊಳ್ಳುತ್ತ ಕೆಮ್ಮಿದ. ಅಂಗಡಿಯಲ್ಲಿ ಸೈಕಲ್ಲು ಆರಿಸುವಾಗ ಯಾರನ್ನು ನೆನೆಯುತ್ತ ನಿಂತಿದ್ದ ಎಂದು ಅವನಿಗೂ ಆಗಲೇ ಹೊಳೆದದ್ದಿರಬೇಕು. ಕಿವಿ ಕೆಂಪಾದವು.

"ಅವನಿಗೆ ಮುಖ ನೆನಪಿರಲ್ಲಮ್ಮ," ಎಂದಳು ನನ್ನ ಹೆಂಡತಿ. "ಅಳತೆ ಮಾತ್ರ ಮರೆಯಲ್ಲ."

ಪೋಸ್ಟ್‌ಮ್ಯಾನ್ ಟೀ ನೆತ್ತಿಗೇರಿಸಿಕೊಂಡ. ಗುಂಡಿ ಅಕ್ಕ ತಮ್ಮ ಚಿಕ್ಕ ಸೈಕಲ್ಲನ್ನು ಟೇಪುವಿನ ಕಡೆ ತಳ್ಳಿದರು. "ಇದು ನಿಮಗೆ ಸರಿಹೋಗುತ್ತೆ. ಬದಲಾಯಿಸ್ಕೊಳ್ಳೋಣ. ಆದ್ರೆ ಒಂದು ಮಾತು. ನಾಳೆಯಿಂದ ಒಂದೊಂದೇ ಗುಂಡಿಗೆ ಬರೋದು ಬೇಡ. ಬೇಕಾದ್ರೆ ಒಟ್ಟಿಗೆ ಡಜನ್ ತಗೊಳ್ಳಿ."

ಟೇಪುವಿನ ಮುಖ ಇಸ್ತ್ರಿ ತಾಗಿ ಸುಟ್ಟ ಬಟ್ಟೆಯ ಹಾಗಾಯಿತು. "ಸುಳ್ಳು ಹೇಳಿದ್ದಕ್ಕಾ?"

"ಅದನ್ನ ನೀವೇ ಹೇಳಿದ್ರಲ್ಲ, ಸುತ್ತು ಸುತ್ತಾಗಿ," ಎಂದರು ಆಕೆ ಪೆಡಲ್ ಮೇಲೆ ಕಾಲಿಡುತ್ತ. "ಹೇಗೂ ಭಾನುವಾರ ಭಾನುವಾರ ಸಿಗ್ತೀವಲ್ಲ, ಅದಕ್ಕೆ."

ಟೇಪು ಚಿಕ್ಕ ಸೈಕಲ್ಲು ಹತ್ತಿ ಹಿಂದೆ ಹೊರಟ. ಸ್ವಲ್ಪ ದೂರ ಹೋಗಿ ನಿಂತ. ಮತ್ತೆ ಹೊರಟ. ಮತ್ತೆ ನಿಂತ. ಏನಾಯಿತೋ ಎಂದು ನಾನು ಗಾಬರಿಯಾದೆ.

"ಏನಿಲ್ಲ ಭಾವ!" ಎಂದು ಅಲ್ಲಿಂದಲೇ ಕೂಗಿದ. "ಕಾಲು ಎಟಕುತ್ತೆ!"