ಬಗ್ ಮೇಲೆ ಹಾಸಿದ ಟವೆಲ್

ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನವರು ಫೋನ್ ನೋಡಿಕೊಂಡು ಯಾರನ್ನು ಬೈಯುತ್ತಿದ್ದರು, ಊಹಿಸಿ ನೋಡೋಣ? ನನ್ನನ್ನೇ!

ಯಾರು ಬೇಕಾದರೂ ತಿದ್ದಬಹುದಾದ ಉಚಿತ ಕನ್ನಡ ಟೈಪಿಂಗ್ ತಂತ್ರಾಂಶ ಒಂದಿದೆ. ಮುದ್ರಿಸಿದರೆ ಒತ್ತಕ್ಷರಗಳೇ ಮಾಯವಾಗುವ ಅದರ ಬಗ್, ಅಂದರೆ ದೋಷವೊಂದನ್ನು ‘ನಾನು ಸರಿಮಾಡುತ್ತೇನೆ’ ಎಂದು ಉತ್ಸಾಹದಿಂದ ನನ್ನ ಹೆಸರಿಗೆ ಬರೆಸಿಕೊಂಡಿದ್ದೆ. ಅಲ್ಲಿನ ನಿಯಮವೆಂದರೆ, ಒಬ್ಬರ ಹೆಸರಿರುವಾಗ ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ; ಒಂದು ತಿಂಗಳು ಸುಮ್ಮನಿದ್ದವರನ್ನು ಯಂತ್ರವೇ ‘ಇನ್ನೂ ಕೆಲಸ ಮಾಡುತ್ತಿದ್ದೀರಾ?’ ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ಹೆಸರು ತೆಗೆಯುತ್ತದೆ. ನಿವೃತ್ತನಾದವನನ್ನು ಇಷ್ಟು ಅಕ್ಕರೆಯಿಂದ ವಿಚಾರಿಸುವವರು ಯಾರಿದ್ದಾರೆ ಹೇಳಿ! ನಾನು ಪ್ರತಿಸಲ ಮಂಡಿನೋವಿನಿಂದ ಹಿಡಿದು ಮೊಮ್ಮಗಳ ಭರತನಾಟ್ಯದವರೆಗೆ ಎಲ್ಲವನ್ನೂ ಬರೆಯುತ್ತಿದ್ದೆ. ಯಂತ್ರ ಧನ್ಯವಾದ ಹೇಳಿ ಇನ್ನೊಂದು ತಿಂಗಳು ಕೊಡುತ್ತಿತ್ತು. ಹೀಗೇ ಹತ್ತು ತಿಂಗಳು.

“ಯಾಕೆ ಮೇಡಂ, ಇಷ್ಟು ಸಿಟ್ಟು?” ಎಂದೆ.

ಅವರು ಕುಪ್ಪಗಡ್ಡೆ ಕಡೆಯ ಶಾಲೆಯ ಟೀಚರ್. “ಪರೀಕ್ಷೆ ಹತ್ರ ಬಂತು, ಪ್ರಶ್ನೆಪತ್ರಿಕೆಲಿ ಒಂದೂ ಒತ್ತಕ್ಷರ ಇಲ್ಲ ರೀ. ಸರಿ ಮಾಡೋದು ನಂಗೆ ಗೊತ್ತು. ಯಾರೋ ಪುಣ್ಯಾತ್ಮ ಸೀಟಿಗೆ ಟವೆಲ್ ಹಾಕಿ ಟೀ ಕುಡಿಯಕ್ಕೆ ಹೋದಂಗೆ ಹೋಗಿದಾನೆ. ತಾನೂ ಕೂರಲ್ಲ, ನಮ್ಮನ್ನೂ ಕೂರಕ್ಕೆ ಬಿಡಲ್ಲ. ಕೇಳಿದ್ರೆ ಮಂಡಿನೋವಂತೆ!”

“ಮಂಡಿ ಈಗ ಪರವಾಗಿಲ್ಲ,” ಎಂದುಬಿಟ್ಟೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀವೇನಾ? ಮೊದ್ಲು ಹೆಸರು ತೆಗೀರಿ!”

ಅಲ್ಲೇ ತೆಗೆದೆ. ಸಂಜೆಯೊಳಗೆ ಅವರು ಎರಡೇ ಸಾಲು ತಿದ್ದಿ ಒತ್ತಕ್ಷರಗಳನ್ನೆಲ್ಲ ವಾಪಸ್ ಕರೆತಂದರು. ಒಳ್ಳೇ ದಿನ ನೋಡಿ ಶುರುಮಾಡೋಣ ಎಂದು ನಾನು ಕಾದದ್ದೇ ಕಾದದ್ದು. ಅವರು ಮುಗಿಸಿದ್ದು ಮಂಗಳವಾರ, ಅದೂ ಯುಗಾದಿ ಹಿಂದಿನ ದಿನದ ಅಮಾವಾಸ್ಯೆ.