ಮೋಟರು ಮನೆಯ ಹದಿನಾಲ್ಕು ದಿನ

ಮೈಸೂರಿನಲ್ಲಿ ನಾನು ಬಸ್ ಕಂಡಕ್ಟರು. ಕೊರೋನಾ ಬಂದು ಬಸ್ಸುಗಳೆಲ್ಲ ಡಿಪೋದಲ್ಲೇ ನಿಂತ ಮೇಲೆ ಬಾಡಿಗೆ ರೂಮಿನಲ್ಲಿ ಒಬ್ಬಳೇ ಇರಲಾರದೆ, ತರಕಾರಿ ಗಾಡಿಯೊಂದನ್ನು ಹತ್ತಿ ಮಾಕವಳ್ಳಿ ಹತ್ತಿರದ ಅಕ್ಕನ ಊರಿಗೆ ಬಂದೆ. ಊರ ಮುಂದಿನ ರಸ್ತೆಗೆ ಮುಳ್ಳು ಹಾಕಿದ್ದರು. ಅದರಾಚೆ ಭಾವ ಟವೆಲಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು.

"ಬೇಜಾರ್ ಮಾಡ್ಕೋಬ್ಯಾಡ ಕಣವ್ವ. ಊರೋರು ಒಪ್ತಾ ಇಲ್ಲ. ಹದ್ನಾಕು ದಿನ ಗದ್ದೆ ತಾವ ಮೋಟ್ರು ಮನೇಲಿ ಇದ್ಬುಡು," ಎಂದರು.

ಮೋಟರು ಮನೆಯೆಂದರೆ ಕಬ್ಬಿನ ನಡುವೆ ಪಂಪ್‌ಸೆಟ್ಟಿಗೆಂದು ಕಟ್ಟಿದ ಒಂದೇ ಕೋಣೆ. ಅಕ್ಕ ಆಗಲೇ ಗುಡಿಸಿ, ಚಾಪೆ, ಬಿಂದಿಗೆ ಇಟ್ಟು ಹೋಗಿದ್ದಳು. ದಿನಕ್ಕೆರಡು ಸಲ ಬದುವಿನ ಮೇಲೆ ಊಟದ ಡಬ್ಬಿ ಇಟ್ಟು, ದೂರ ನಿಂತು ನಾನು ಉಣ್ಣುವುದನ್ನು ನೋಡುತ್ತಿದ್ದಳು. ಅವಳದು ಮೊದಲಿಂದಲೂ ಮಾತು ಕಮ್ಮಿ.

"ಉಪ್ಪು ಸರ್ಯಾಗದಾ?"

"ಸರ್ಯಾಗದೆ."

ಅಷ್ಟೇ. ಹಾಲು ಕರೆಯಬೇಕೆಂದು ಹೊರಟುಬಿಡುತ್ತಿದ್ದಳು.

ಬಸ್ಸಿನಲ್ಲಿದ್ದಾಗ ಒಂದು ಗಳಿಗೆ ಎಲ್ಲರೂ ಬಾಯಿ ಮುಚ್ಚಿದರೆ ಸಾಕು ಅನ್ನಿಸುತ್ತಿತ್ತು. ಇಲ್ಲಿ ಕಬ್ಬಿನ ಗರಿ ಅಲ್ಲಾಡಿದರೂ ಯಾರೋ ಬಂದರೆಂದು ಎದ್ದು ನೋಡುತ್ತಿದ್ದೆ. ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಕರೆಂಟು ಬಂದು ಮೋಟರು ಓಡಿದರೆ, ಆ ಸದ್ದಿಗೇ ಜೀವಕ್ಕೆ ಸಮಾಧಾನ.

ಆರನೆಯ ದಿನ ಗದ್ದೆಯಂಚಿನ ನಾಲೆಯ ಆಚೆ ದಡದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಕೂಗಿದರು: "ಯಾರವ್ವ ನೀನು, ಒಬ್ಳೇ ಕುಂತಿದ್ದೀಯ?"

ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನನ್ನ ರೂಟು, ಬಿಟ್ಟುಹೋದ ಗಂಡ, ಎಲ್ಲವನ್ನೂ ನಾಲೆಯ ಈಚೆಯಿಂದಲೇ ಹೇಳಿದೆ. ಅಜ್ಜಿ ಕೋಲೂರಿ ನಿಂತು ಕೇಳಿದರು. "ನಾಳೆ ಬತ್ತೀನಿ ಕಣ್ ಮಗ," ಎಂದು ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಕ್ಕನನ್ನು ಕೇಳಿದೆ.

"ನಿನ್ ತಾವ ಮಾತಾಡುದ್ಲು, ನೀನು ಕೆಮ್ತಿದ್ದೆ ಅಂತ ಯಾರೋ ಹೇಳವ್ರೆ. ಆವಮ್ಮನ್ನೂ ಈಚೆ ಬುಡ್ದಂಗೆ ಹಟ್ಟೀಲೇ ಕೂರ್ಸವ್ರೆ," ಎಂದಳು.

ಆ ದಿನದ ಡಬ್ಬಿಯನ್ನು ಹಾಗೇ ಬದುವಿನ ಮೇಲಿಟ್ಟೆ. ಆಮೇಲೆ ದಡದಲ್ಲಿ ಯಾರಾದರೂ ಕಂಡರೆ ನಾನೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಹದಿನಾಲ್ಕು ದಿನ ಮುಗಿಯಿತು. ನನಗೆ ಏನೂ ಆಗಿರಲಿಲ್ಲ. ಮೊದಲು ಅಜ್ಜಿಯ ಮನೆಗೆ ಹೋದೆ. ಸೊಸೆ ಬಾಗಿಲಲ್ಲೇ ತಡೆದು, "ಅಲ್ಲೇ ನಿಂತ್ಕಳಿ," ಎಂದಳು. ಒಳಗಿನಿಂದ ಅಜ್ಜಿಯ ದನಿ ಬಂತು: "ನಂಗೇನಾಗದೆ? ಕುರಿ ಒಟ್ಟೆ ಹಸ್ಕಂಡವೆ, ಅಷ್ಟೇಯ." ಅಂಗಳದಿಂದಲೇ ತಪ್ಪಾಯಿತೆಂದು ಹೇಳಿ ಬಂದೆ. ಮುಖ ನೋಡಲಾಗಲಿಲ್ಲ.

ಅಕ್ಕನ ಮನೆಯಲ್ಲಿ ಇನ್ನೂ ಒಂದು ತಿಂಗಳಿದ್ದೆ. ಸೊಪ್ಪು ಬಿಡಿಸುತ್ತ ಇಬ್ಬರೂ ಎದುರುಬದುರು ಕೂತರೆ ಒಂದು ಮಾತೂ ಇಲ್ಲದೆ ಬೆಳಗು ಮಧ್ಯಾಹ್ನವಾಗುತ್ತಿತ್ತು. ಡ್ಯೂಟಿಗೆ ಬರಲು ಡಿಪೋದಿಂದ ಕರೆ ಬಂದ ದಿನ ಬಟ್ಟೆ ಮಡಿಸುತ್ತಿದ್ದೆ. ಅಕ್ಕ ಕಂಬಕ್ಕೊರಗಿ ನೋಡುತ್ತಿದ್ದವಳು ಹೇಳಿದಳು: "ಮೊದ್ಲು ಎಷ್ಟ್ ಮಾತಾಡ್ತಿದ್ದೆ. ನೀನೂ ನನ್ನಂಗೇ ಆಗ್ಬುಟ್ಯಲ್ಲೇ."

ಸೀರೆಯೊಂದನ್ನು ಬಿಚ್ಚಿ, ಮತ್ತೆ ಮಡಿಸಿದೆ.