ಸರೋಜತ್ತೆಯ ಸಾವಿರ ಸುತ್ತು

ಕಳೆದ ಭಾನುವಾರ ಕಮ್ಮನಹಳ್ಳಿಯ ನನ್ನ ಮನೆಯಲ್ಲಿ, ಆಂಪ್ಲಿಫೈಯರಿಗೆಂದು ನಾನೇ ಕಟ್ಟಿದ ಪವರ್ ಸಪ್ಲೈ ಪರೀಕ್ಷೆಗೆ ಕೂತಿತ್ತು. ಹೊಸದಾಗಿ ಕಟ್ಟಿದ್ದಕ್ಕೆ ನೇರವಾಗಿ ಕರೆಂಟು ಕೊಡಬಾರದು, ನಡುವೆ ಒಂದು ನೂರು ವ್ಯಾಟಿನ ಬಲ್ಬು ಇರಬೇಕು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಧಗಧಗ ಉರಿಯುತ್ತದೆ, ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ನನ್ನದು ಮಿಂಚಿ ಮಂಕಾಯಿತು. ಆಗದೆ ಏನು, ಕಟ್ಟಿದವಳು ನಾನಲ್ಲವೇ! ಬಲ್ಬು ತೆಗೆದು ಅರ್ಧ ಗಂಟೆ ಹಾಡು ಹಾಕಿದೆ. ಟ್ರಾನ್ಸ್‌ಫಾರ್ಮರ್ ಬೆಚ್ಚಗಾಗಿ ಅದರ ವಾರ್ನಿಶ್ ವಾಸನೆ ಎದ್ದದ್ದೇ ತಡ, ನನ್ನ ಜಂಬವೆಲ್ಲ ಇಳಿದುಹೋಯಿತು. ಹಲಸೂರಿನ ಮನೆಯ ನಡುಮನೆಯಲ್ಲಿ ನಾನು ಹತ್ತು ವರ್ಷದ ಹುಡುಗಿಯಾಗಿ ನಿಂತಿದ್ದೆ. ನಿಮ್ಮನ್ನೂ ಹೀಗೆ ಹೇಳದೆ ಕೇಳದೆ ಎಳೆದುಕೊಂಡು ಹೋಗುವ ವಾಸನೆ ಒಂದಾದರೂ ಇರುತ್ತದೆ.

ಅದು ನನ್ನ ಸೋದರಮಾವನ ಮನೆ. ಮಾವ ಆಂಪ್ಲಿಫೈಯರ್ ಕಟ್ಟಿ ಶಿವಾಜಿನಗರದ ಅಂಗಡಿಗಳಿಗೆ ಕೊಡುತ್ತಿದ್ದರು. ಅದಕ್ಕೆ ಬೇಕಾದ ಟ್ರಾನ್ಸ್‌ಫಾರ್ಮರಿನ ತಂತಿ ಸುತ್ತುವುದು ಅವರ ಹೆಂಡತಿ ಸರೋಜತ್ತೆಯ ಕೆಲಸ. ಕಿಟಕಿಯ ಪಕ್ಕ ಮಣೆ ಹಾಕಿಕೊಂಡು, ಎಡಗೈ ಬೆರಳುಗಳ ನಡುವೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಹಿಡಿದು, ಬಲಗೈಯಲ್ಲಿ ಮೆಷಿನ್ನಿನ ಹಿಡಿ ತಿರುಗಿಸುತ್ತಿದ್ದರು. ಮೆಷಿನ್ನಿನ ಎಣಿಸುವ ಗಾಲಿ ಕೆಟ್ಟು ಎಷ್ಟೋ ಕಾಲವಾಗಿತ್ತು. ಅತ್ತೆ ಬಾಯಲ್ಲೇ ಎಣಿಸಿ, ನೂರು ಸುತ್ತಿಗೊಂದರಂತೆ ಸ್ಟೀಲ್ ಬಟ್ಟಲಿಗೆ ಹುಣಸೆಬೀಜ ಹಾಕುತ್ತಿದ್ದರು. ಹತ್ತು ಬೀಜವಾದರೆ ಸಾವಿರ ಸುತ್ತು, ಒಳಗಿನ ಸುರುಳಿ ಮುಗಿಯಿತು. ಅದರ ಮೇಲೆ ದಪ್ಪ ತಂತಿಯದು ನೂರೇ ಸುತ್ತು; ಹತ್ತಕ್ಕೊಂದರ ಈ ಲೆಕ್ಕದಲ್ಲೇ ಮನೆಯ ಇನ್ನೂರನಲವತ್ತು ವೋಲ್ಟು ಇಪ್ಪತ್ತನಾಲ್ಕಕ್ಕೆ ಇಳಿಯುತ್ತಿತ್ತು. ಅವರು ಎಣಿಸುವಾಗ ಮನೆಯಲ್ಲಿ ಯಾರೂ ಮಾತಾಡಿಸುವಂತಿರಲಿಲ್ಲ. ಬಾಗಿಲಿಗೆ ನೆಂಟರು ಬಂದರೂ ಮಾವ ತುಟಿಯ ಮೇಲೆ ಬೆರಳಿಟ್ಟೇ ಒಳಗೆ ಕರೆಯುತ್ತಿದ್ದರು. "ಬಾಯಿ ಲೆಕ್ಕ ಮರ್ತೋಗುತ್ತೆ ಪುಟ್ಟಿ, ಬಟ್ಟಲು ಮರೆಯಲ್ಲ" ಎನ್ನುತ್ತಿದ್ದರು ಅತ್ತೆ.

ಆ ಬಟ್ಟಲಿಗೇ ನಾನು ಕೈ ಹಾಕಿದೆ. ಚೌಕಾಬಾರ ಆಡಲು ನಾಲ್ಕು ಹುಣಸೆಬೀಜ ಬೇಕಿತ್ತು, ನನ್ನ ಬಳಿ ಇದ್ದದ್ದು ಎರಡು. ಕುಕ್ಕರ್ ಕೂಗಿ ಅತ್ತೆ ಒಳಗೆ ಹೋದಾಗ ಇನ್ನೆರಡನ್ನು ಎತ್ತಿಕೊಂಡು ಹೊರಗೋಡಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಬದಿ ಬೆಳ್ಳಗಾಗುವಂತೆ ಉಜ್ಜಿದೆ. ಅತ್ತೆ ಬಂದರು, ಬಟ್ಟಲು ಹೇಳಿದ್ದನ್ನು ನಂಬಿದರು, ಹತ್ತು ಬೀಜವಾಗುವವರೆಗೆ ಸುತ್ತಿದರು. ಎರಡು ದಿನ ಬಿಟ್ಟು ಬೆಳಿಗ್ಗೆಯೇ ಮಾವ ಪವರ್ ಸಪ್ಲೈ ಜೋಡಿಸಿ ಪರೀಕ್ಷೆಗೆ ಇಟ್ಟರು. ಬಲ್ಬು ಒಳ್ಳೆಯ ಮಗುವಿನಂತೆ ಮಂಕಾಯಿತು. ಬಲ್ಬು ತೆಗೆದು ಟ್ರಾನ್ಸ್‌ಫಾರ್ಮರಿಗೆ ಮೀಟರ್ ಹಿಡಿದರೆ, ಇಪ್ಪತ್ತನಾಲ್ಕಕ್ಕೆ ಹೋಗಬೇಕಾದ ಮುಳ್ಳು ಇಪ್ಪತ್ತರಲ್ಲೇ ನಿಂತಿತು. ಮಾವ ಎರಡೆರಡು ಸಲ ಅಳೆದರು. ಆಮೇಲೆ ನಕ್ಕುಬಿಟ್ಟರು. "ಎಣಿಕೆ ತಪ್ಪಿದೆ ಸರೋಜ. ವಯಸ್ಸಾಯ್ತು ಬಿಡು, ಇನ್ಮೇಲೆ ರೆಡಿಮೇಡೇ ತಂದ್ಬಿಡ್ತೀನಿ." ಅವರು ಹೇಳಿದ್ದು ಪ್ರೀತಿಯಿಂದಲೇ. ಅತ್ತೆ ಮಾತ್ರ ಊಟಕ್ಕೆ ಕೂರಲಿಲ್ಲ, ತಮ್ಮ ಬೆರಳುಗಳನ್ನೇ ನೋಡುತ್ತ ಕಿಟಕಿಯ ಪಕ್ಕ ಇದ್ದುಬಿಟ್ಟರು. ನನಗೆ ಎಲ್ಲ ಅರ್ಥವಾಗಿತ್ತು. ಆದರೂ ಬಾಯಿ ಬಿಡಲಿಲ್ಲ, ಹೇಡಿ ನಾನು.

ಮರುದಿನ ಬೆಳಿಗ್ಗೆ ನೋಡಿದರೆ ಅತ್ತೆ ಟ್ರಾನ್ಸ್‌ಫಾರ್ಮರಿನ ತಗಡುಗಳನ್ನು ಒಂದೊಂದಾಗಿ ಕಳಚುತ್ತಿದ್ದರು. ಎಲ್ಲ ಸುತ್ತನ್ನೂ ಬಿಚ್ಚಿ ಎಣಿಸಿ, ತಪ್ಪು ತಮ್ಮದೇ ಎಂದಾದರೆ ಮೆಷಿನ್ ಎತ್ತಿಟ್ಟುಬಿಡುವುದು ಎಂದು ನಿರ್ಧರಿಸಿದ್ದರು. ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಬೀಜ ನಾನ್ ತಗೊಂಡಿದ್ದು."

ಅವರ ಕೈ ನಿಂತಿತು. "ಎಷ್ಟು?"

"ಎರಡು."

ಬೆನ್ನಿಗೆ ಬೀಳಲಿರುವ ಗುದ್ದಿಗೆ ಕಾಯುತ್ತ ನಿಂತೆ. ಅತ್ತೆ ಕಣ್ಣು ಮುಚ್ಚಿ ಲೆಕ್ಕ ಹಾಕಿದರು. ಒಳಸುರುಳಿಗೆ ಇನ್ನೂರು ಸುತ್ತು ಹೆಚ್ಚಾಗಿದೆ, ಅದಕ್ಕೇ ವೋಲ್ಟೇಜು ಇಪ್ಪತ್ತಕ್ಕೆ ಇಳಿದಿದೆ. ಅವರ ಮುಖ ಅರಳಿದ್ದನ್ನು ಹೇಗೆ ಹೇಳಲಿ! "ರೀ, ಬನ್ರೀ ಇಲ್ಲಿ! ನನ್ ಎಣಿಕೆ ಸರಿಯಾಗೇ ಇದೆ ಕಣ್ರೀ!" ಎಂದು ಬೀದಿಗೆ ಕೇಳುವಂತೆ ಕೂಗಿದರು. ಆಮೇಲೆ ನನ್ನನ್ನು ಮಣೆಯ ಮೇಲೆ ಕೂರಿಸಿದರು. "ಒಳಗಿಂದು ಬಿಚ್ಚೋದ್ಯಾಕೆ, ಮೇಲೆ ಇಪ್ಪತ್ತು ಸುತ್ತು ಹಾಕಿದ್ರೆ ಆಯ್ತು. ಸುತ್ತು, ಜೋರಾಗಿ ಎಣಿಸು." ನಾನು ಸುತ್ತಿದೆ. ಮಾವ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಅಂದು ಮೀಟರ್ ಮುಳ್ಳು ಇಪ್ಪತ್ತನಾಲ್ಕು ಮುಟ್ಟಿತು. ರೆಡಿಮೇಡ್ ತರುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಈಗ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ. ಮಾವ ಮೊದಲು ಹೋದರು, ಆಮೇಲೆ ಅತ್ತೆ. ನಾನು ಅವರ ಕೈಯಲ್ಲೇ ಪಳಗಿದವಳು, ಇಂದಿಗೂ ನನ್ನ ಎಣಿಕೆ ತಪ್ಪುವುದಿಲ್ಲ. ಆದರೆ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಆ ಹೆಂಗಸು ತನ್ನನ್ನು ತಾನೇ ನಂಬದೆ ಕೂತಿದ್ದು ನನ್ನಿಂದ. ಬೀಜ ತೆಗೆದದ್ದು ನಾನೇ ಎಂದು ಒಪ್ಪಿಕೊಂಡೆ, ಅಷ್ಟೆ. ಅತ್ತೆಗೆ ಎಷ್ಟು ಸಂತೋಷವಾಗಿತ್ತೆಂದರೆ, ಕ್ಷಮಿಸಿ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ.